ಶಿಲ್ಪಿಯ ಅಂಗುಲ, ಭ್ರೂಣದ ವಾರ: ನೊಳಂಬ ಸೀಮೆಯಲ್ಲಿ ಮುಖದ ಅಳತೆ

ಇಂದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೂ ಕಲ್ಯಾಣದುರ್ಗ ಅನಂತಪುರ ಜಿಲ್ಲೆಗೂ ಸೇರಿದ್ದರೂ, ಇವೆರಡರ ಸುತ್ತಣ ನಾಡು ಒಂದು ಕಾಲಕ್ಕೆ ನೊಳಂಬವಾಡಿಯ ಭಾಗವಾಗಿತ್ತು. ಶಾಸನಗಳಲ್ಲಿ ಹೆಂಜೇರು ಎಂದು ಕಾಣಿಸಿಕೊಳ್ಳುವ ಹೇಮಾವತಿ ನೊಳಂಬರ ರಾಜಧಾನಿಯಾಗಿತ್ತು. ಅಲ್ಲಿನ ಸಿದ್ಧೇಶ್ವರ ದೇವಾಲಯದಲ್ಲಿ ಶಿವನು ಲಿಂಗರೂಪದಲ್ಲಲ್ಲದೆ ಮನುಷ್ಯರೂಪದಲ್ಲಿ ಕುಳಿತಿರುವುದು ಅಪರೂಪದ ಸಂಗತಿ. ಕಲ್ಯಾಣದುರ್ಗದ ಸಮೀಪದ ಕಂಬದೂರಿನಲ್ಲಿ ಹಳೆಯ ದೇಗುಲಗಳು ಉಳಿದಿದ್ದರೆ, ಹಿಂದೂಪುರದಿಂದ ಸುಮಾರು 15 ಕಿ.ಮೀ. ದೂರದ ಲೇಪಾಕ್ಷಿಯಲ್ಲಿ, ವಿಜಯನಗರದ ಅರಸ ಅಚ್ಯುತರಾಯನ ಆಳ್ವಿಕೆಯಲ್ಲಿ (1529–1542) ಅಧಿಕಾರಿಗಳಾಗಿದ್ದ ವಿರೂಪಣ್ಣ ಮತ್ತು ವೀರಣ್ಣ ಸೋದರರು ಕಟ್ಟಿಸಿದ ವೀರಭದ್ರ ದೇವಾಲಯವಿದೆ. ಶತಮಾನಗಳ ಕಾಲ ಕಲ್ಲಿನಲ್ಲಿ ಮುಖ ಕಡೆಯುತ್ತ ಬಂದ ಕಸುಬೊಂದು ತಲೆ ಮತ್ತು ಕತ್ತನ್ನು ಹೇಗೆ ಅಳೆಯಿತು, ಆ ಅಳತೆಗೂ ಗರ್ಭದಲ್ಲಿ ಮುಖ ಮೂಡುವ ಬಗೆಗೂ ಸಂಬಂಧವುಂಟೇ ಎಂಬುದನ್ನು ಈ ಶಿಲ್ಪಗಳನ್ನು ಮುಂದಿಟ್ಟುಕೊಂಡು ವಿಚಾರಿಸಬಹುದು.

ಶಿಲ್ಪಶಾಸ್ತ್ರದಲ್ಲಿ ವಿಗ್ರಹದ ಎತ್ತರವನ್ನು ನಿರ್ಧರಿಸುವ ಕ್ರಮಕ್ಕೆ ತಾಲಮಾನವೆಂದು ಹೆಸರು. ಕೂದಲಿನ ಅಂಚಿನಿಂದ ಗದ್ದದವರೆಗಿನ ಮುಖದ ಉದ್ದವೇ ಒಂದು ತಾಲ. ಅದರ ಹನ್ನೆರಡನೆಯ ಒಂದು ಪಾಲು ಅಂಗುಲ. ಶುಕ್ರನೀತಿ ಎಂಬ ಗ್ರಂಥ ಹೇಳುವ ನವತಾಲದ, ಅಂದರೆ ಒಂಬತ್ತು ತಾಲ ಎತ್ತರದ, ವಿಗ್ರಹದಲ್ಲಿ ಮುಖಕ್ಕೆ ದೊರೆಯುವ 12 ಅಂಗುಲವು ಹಣೆಗೆ 4, ಮೂಗಿಗೆ 4, ಮೂಗಿನ ಕೆಳಗಿನಿಂದ ಗದ್ದದವರೆಗೆ 4 ಎಂದು ಸಮವಾಗಿ ಹಂಚಿಹೋಗುತ್ತದೆ, ಕತ್ತಿಗೂ 4 ಅಂಗುಲವೇ ಸಲ್ಲುತ್ತದೆ. ಕತ್ತಿನ ಮೇಲೆ ಶಂಖದ ಸುತ್ತುಗಳಂತೆ ಮೂರು ಗೆರೆಗಳನ್ನು ಕೊರೆದರೆ ಅದು ಕಂಬುಗ್ರೀವ. ಕಿವಿಯ ತುದಿಗೆ ಭಾರವಾದ ಕುಂಡಲ ತೂಗಿಬಿಟ್ಟು ಹಾಲೆಯನ್ನು ಭುಜದತ್ತ ಜಗ್ಗಿಸುವುದು ಅಲಂಕಾರವಷ್ಟೇ ಅಲ್ಲ, ಅಂಗರಚನೆಗೂ ಒಪ್ಪುವ ಮಾತು: ಕಿವಿಯ ಉಳಿದ ಭಾಗಕ್ಕೆ ಆಧಾರವಾಗಿರುವ ಮೃದ್ವಸ್ಥಿ ಹಾಲೆಯಲ್ಲಿಲ್ಲದ ಕಾರಣ, ಕೊಬ್ಬು ಮತ್ತು ಚರ್ಮದಿಂದಾದ ಅದು ತೂಕಕ್ಕೆ ಹಿಗ್ಗುತ್ತದೆ.

ಶಿಲ್ಪಿ ಮೂರಾಗಿ ಭಾಗಿಸಿದ ಈ ಮುಖ ಗರ್ಭದಲ್ಲಿ ಐದು ಉಬ್ಬುಗಳಿಂದ ಕೂಡಿ ಆಗುತ್ತದೆ. ನಾಲ್ಕನೆಯ ವಾರದ ಭ್ರೂಣದಲ್ಲಿ ಬಾಯಿಯ ಕುಳಿಯ ಮೇಲ್ಗಡೆ ಒಂದು, ಎರಡು ಪಕ್ಕಗಳಲ್ಲಿ ಎರಡು, ಕೆಳಗಡೆ ಎರಡು ಉಬ್ಬುಗಳು ತೋರುತ್ತವೆ. ಮೇಲಿನದರಿಂದ ಹಣೆ, ಮೂಗು ಮತ್ತು ಮೇಲ್ದುಟಿಯ ನಡುಭಾಗ, ಪಕ್ಕದವುಗಳಿಂದ ಕೆನ್ನೆ ಮತ್ತು ಮೇಲ್ದುಟಿಯ ಅಂಚುಗಳು, ಕೆಳಗಿನವುಗಳಿಂದ ಕೆಳದುಟಿ ಮತ್ತು ಗದ್ದ ರೂಪುಗೊಳ್ಳುತ್ತವೆ. ಮೇಲ್ದುಟಿಯ ತುಂಡುಗಳು ಬೆಸೆದುಕೊಳ್ಳದೆ ಉಳಿದರೆ ಮಗು ಸೀಳುತುಟಿಯೊಂದಿಗೆ ಹುಟ್ಟುತ್ತದೆ. ಕತ್ತಿನ ಭಾಗದಲ್ಲಿ ಗಂಟಲ ಕಮಾನುಗಳೆಂಬ ಏಣುಗಳು ಸಾಲಾಗಿ ಎದ್ದು, ಎರಡನೆಯದು ಕೆಳಗಿನವುಗಳ ಮೇಲೆ ಬೆಳೆದು ಅವನ್ನು ಮುಚ್ಚುವುದರಿಂದ ಕತ್ತು ನುಣುಪಾಗುತ್ತದೆ. ಮೊದಲ ಎರಡು ಕಮಾನುಗಳ ಅಂಚಿನಲ್ಲಿ ಏಳುವ ಆರು ಗುಬ್ಬಿಗಳು ಸೇರಿ ಹೊರಕಿವಿಯಾಗುತ್ತವೆ. ಮೊದಲು ಕತ್ತಿನ ಬಳಿ ಇರುವ ಕಿವಿ, ದವಡೆ ಬೆಳೆದಂತೆ ಕಣ್ಣಿನ ಮಟ್ಟಕ್ಕೆ ಏರುತ್ತದೆ. ಇತ್ತ ಪಕ್ಕಗಳಲ್ಲಿದ್ದ ಕಣ್ಣುಗಳು ಮುಂದಕ್ಕೆ ಸರಿಯುತ್ತವೆ.

ಶಿಲ್ಪಿಯ ಅಳತೆಯೂ ದೇಹದ ಬೆಳವಣಿಗೆಯೂ ಹತ್ತಿರ ಬರುವುದು ಮಕ್ಕಳ ವಿಗ್ರಹಗಳಲ್ಲಿ. ಬಾಲರೂಪಗಳಿಗೆ ಶಾಸ್ತ್ರ ಒಂಬತ್ತರ ಬದಲು ನಾಲ್ಕೈದು ತಾಲಗಳನ್ನಷ್ಟೇ ವಿಧಿಸುತ್ತದೆ, ಅಂದರೆ ಮೈಗೆ ಹೋಲಿಸಿದರೆ ಮುಖ ದೊಡ್ಡದಾಗಿರುತ್ತದೆ. ಗರ್ಭದ ಮೂರನೆಯ ತಿಂಗಳ ಆರಂಭದಲ್ಲಿ ನೆತ್ತಿಯಿಂದ ಪೃಷ್ಠದವರೆಗಿನ ಉದ್ದದ ಸುಮಾರು ಅರ್ಧದಷ್ಟಿರುವ ತಲೆ, ಹುಟ್ಟುವಾಗ ಮೈಯುದ್ದದ ನಾಲ್ಕನೆಯ ಒಂದು ಪಾಲಿಗೂ ಪ್ರೌಢರಲ್ಲಿ ಏಳೆಂಟನೆಯ ಒಂದು ಪಾಲಿಗೂ ಇಳಿಯುತ್ತದೆ. ತಾಲ ಎಂಬುದು ಮುಖದ ಅಳತೆ, ಇಲ್ಲಿನದು ತಲೆಯ ಅಳತೆ. ಲೆಕ್ಕ ನೇರವಾಗಿ ಹೊಂದದಿದ್ದರೂ ಎರಡೂ ಗುರುತಿಸಿರುವ ಪ್ರವೃತ್ತಿ ಒಂದೇ.

ಆದರೆ ಅಂಗಗಳು ಹುಟ್ಟುವ ಕ್ರಮ ಶಿಲ್ಪಿಯ ಪ್ರಶ್ನೆಯಾಗಿರಲಿಲ್ಲ, ಅದು ವೈದ್ಯರ ಪ್ರಶ್ನೆ. ಗರ್ಭದಲ್ಲಿ ಯಾವ ಅಂಗ ಮೊದಲು ಮೂಡುತ್ತದೆ ಎಂಬ ವಾದವನ್ನು ಸುಶ್ರುತ ಸಂಹಿತೆಯ ಶಾರೀರಸ್ಥಾನ ದಾಖಲಿಸಿದೆ. ಶೌನಕ ತಲೆ ಎಂದರೆ, ಕೃತವೀರ್ಯ ಹೃದಯ ಎನ್ನುತ್ತಾನೆ. ಧನ್ವಂತರಿಯ ಪಕ್ಷದಲ್ಲಿ ಎಲ್ಲ ಅಂಗಗಳೂ ಒಟ್ಟಿಗೆ ಉಂಟಾಗುತ್ತವೆ, ಮಾವಿನ ಎಳೆಗಾಯಿಯ ಓಟೆ, ತಿರುಳುಗಳಂತೆ ಸೂಕ್ಷ್ಮವಾಗಿರುವುದರಿಂದ ಕಾಣುವುದಿಲ್ಲ. ಆ ವಾದಕ್ಕೆ ಕಣ್ಣಿನ ಸಾಕ್ಷ್ಯ ದೊರೆಯಲು, 1880ರ ದಶಕದಲ್ಲಿ ವಿಲ್ಹೆಲ್ಮ್ ಹಿಸ್ ಮಾನವ ಭ್ರೂಣಗಳನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ಅಭ್ಯಸಿಸಿ ವರ್ಣಿಸುವವರೆಗೆ ಕಾಯಬೇಕಾಯಿತು. ಹೃದಯ ಸುಮಾರು 22ನೆಯ ದಿನಕ್ಕೇ ಮಿಡಿಯತೊಡಗುತ್ತದೆ, ಎಂಟನೆಯ ವಾರದ ಹೊತ್ತಿಗೆ ಮುಖ್ಯ ಅಂಗಗಳೆಲ್ಲವೂ ತೋರುತ್ತವೆ ಎಂಬುದು ಇಂದು ತಿಳಿದಿದೆ.

ಆದ್ದರಿಂದ ಲೇಪಾಕ್ಷಿಯ ಕಂಬಗಳಲ್ಲಿ ಭ್ರೂಣಶಾಸ್ತ್ರವನ್ನು ಹುಡುಕುವುದು ಸಲ್ಲದು. ಅಲ್ಲಿರುವುದು ಬೆಳೆದ ಮೈಯನ್ನೂ ಮಗುವಿನ ಮೈಯನ್ನೂ ಬೇರೆಬೇರೆಯಾಗಿ ಕಂಡು, ಆ ಕಂಡದ್ದನ್ನು ಅಂಗುಲಗಳಲ್ಲಿ ಹಿಡಿದಿಟ್ಟ ಕಸುಬಿನ ಶಿಸ್ತು; ಅದರ ಹಿರಿಮೆಗೆ ಅಷ್ಟೇ ಸಾಕು.