ಹುಡುಗನ ಕೈಗೆ ಮೊದಲ ಕೋವಿ

ಬೇಟೆ ಕಲಿಯಲು ಹೊರಟ ಹುಡುಗನ ಕೈಗೆ ಮೊದಲು ಯಾವ ಕೋವಿ ಕೊಡಬೇಕು? ಇವತ್ತು ನಮ್ಮ ದೇಶದಲ್ಲಿ ಈ ಪ್ರಶ್ನೆ ಕೇಳುವವರೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧವಾಯಿತು. ಇಪ್ಪತ್ತೊಂದು ವರ್ಷ ತುಂಬದವರಿಗೆ ಸಾಮಾನ್ಯವಾಗಿ ಕೋವಿಯ ಪರವಾನಗಿಯೂ ಸಿಗುವುದಿಲ್ಲ. ಆದರೆ ನೂರಿಪ್ಪತ್ತು, ನೂರೈವತ್ತು ವರ್ಷಗಳ ಹಿಂದೆ ಕಾಡಂಚಿನ ಕೆಲವು ಮನೆಗಳಲ್ಲಿ ಹಿರಿಯರು ಗಂಭೀರವಾಗಿ ಯೋಚಿಸುತ್ತಿದ್ದ ವಿಷಯ ಇದು. ವಸಾಹತು ಕಾಲದ ಬೇಟೆಯ ಬರಹಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಮೊದಲ ಕೋವಿಯ ನೆನಪು ಬೇಟೆಗಾರರ ಆತ್ಮಕಥೆಗಳಲ್ಲಿ ಬಹಳ ಅಕ್ಕರೆಯ ಪುಟ. ಆ ಅಕ್ಕರೆಯ ಹಿಂದೆ ಏನೇನಿದೆ ಎಂದು ನೋಡಲು ನಮಗೆಲ್ಲ ಪರಿಚಯವಿರುವ ಒಬ್ಬ ಹುಡುಗನನ್ನೇ ತೆಗೆದುಕೊಳ್ಳೋಣ.

ಜಿಮ್ ಕಾರ್ಬೆಟ್ ಹುಟ್ಟಿದ್ದು 1875ರಲ್ಲಿ, ನೈನಿತಾಲಿನಲ್ಲಿ. ತಂದೆ ಅಲ್ಲಿನ ಪೋಸ್ಟ್‌ಮಾಸ್ಟರ್. 1881ರಲ್ಲಿ ತಂದೆ ತೀರಿಕೊಂಡಾಗ ದೊಡ್ಡ ಸಂಸಾರದ ಹೊರೆ ತಾಯಿಯ ಮೇಲೆ ಬಿತ್ತು. ಚಳಿಗಾಲದಲ್ಲಿ ಕುಟುಂಬ ತಪ್ಪಲಿನ ಕಾಲಾಢುಂಗಿಗೆ ಇಳಿಯುತ್ತಿತ್ತು. ಕಾಡು ಮನೆಯ ಬಾಗಿಲಿನಲ್ಲೇ ಇತ್ತು. 1953ರಲ್ಲಿ ಪ್ರಕಟವಾದ ‘ಜಂಗಲ್ ಲೋರ್’ ಪುಸ್ತಕದಲ್ಲಿ ಕಾರ್ಬೆಟ್ ತನ್ನ ಆಯುಧಗಳ ಕಥೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತಾನೆ. ಮೊದಲು ಕವಣೆ, ಆಮೇಲೆ ಮಣ್ಣಿನ ಗುಂಡು ಹಾರಿಸುವ ಬಿಲ್ಲು. ಎಂಟು ವರ್ಷದ ಹೊತ್ತಿಗೆ ಹಕ್ಕಿಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದ ಬಂಧು ಸ್ಟೀಫನ್ ಡೀಸ್ ಅವನಿಗೊಂದು ಜೋಡು ನಳಿಗೆಯ ಕೇಪಿನ ಕೋವಿ ಕೊಟ್ಟ. ಜೋಡು ನಳಿಗೆ ಎಂಬುದು ಹೆಸರಿಗಷ್ಟೇ. ಬಲಗಡೆಯ ನಳಿಗೆ ಸೀಳಿಹೋಗಿತ್ತು, ಕೋವಿಯನ್ನು ತಂತಿ ಸುತ್ತಿ ಬಿಗಿಯಲಾಗಿತ್ತು. ಹುಡುಗನಿಗೆ ಉಳಿದದ್ದು ಎಡಗಡೆಯ ಒಂದೇ ನಳಿಗೆ, ಅಂದರೆ ಒಂದೇ ಈಡು.

ಮಲೆನಾಡಿನ ಹಳಬರಿಗೆ ಕೇಪಿನ ಕೋವಿಯನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಇದಕ್ಕೆ ತೋಟೆ ಇಲ್ಲ. ನಳಿಗೆಯ ಬಾಯಿಂದ ಅಳೆದು ಮದ್ದು ಸುರಿಯಬೇಕು, ಅದರ ಮೇಲೆ ಬುರುಡೆ ತುರುಕಿ ಗಜದಿಂದ ಗಿಡಿಯಬೇಕು, ಆಮೇಲೆ ಚರೆ ಹಾಕಿ ಅದು ಉದುರದಂತೆ ಮತ್ತೆ ಬಿಗಿಯಬೇಕು. ಕೊನೆಗೆ ಹಿಂಬದಿಯ ಮೊಲೆಗೆ ಕೇಪು ಕೂರಿಸಬೇಕು. ಕುದುರೆ ಬಡಿದಾಗ ಕೇಪು ಸಿಡಿದು ಅದರ ಕಿಡಿ ಒಳಗಿನ ಮದ್ದಿಗೆ ತಾಗುತ್ತದೆ. ಮದ್ದು ಹೆಚ್ಚಾದರೆ ನಳಿಗೆ ಸೀಳುತ್ತದೆ, ಕಡಿಮೆಯಾದರೆ ಚರೆ ಹಕ್ಕಿಯನ್ನು ಮುಟ್ಟುವುದಿಲ್ಲ, ತೇವವಾದರೆ ಈಡೇ ಆಗುವುದಿಲ್ಲ. ಒಂದು ಈಡು ಹಾರಿಸಿದ ಮೇಲೆ ಇಷ್ಟನ್ನೂ ಮೊದಲಿನಿಂದ ಮಾಡಬೇಕು. ಅಷ್ಟರಲ್ಲಿ ಪ್ರಾಣಿ ಎಲ್ಲೋ ಹೋಗಿರುತ್ತದೆ, ಗಾಯಗೊಂಡಿದ್ದರೆ ನಮ್ಮ ಕಡೆಗೇ ಬರುತ್ತಿರುತ್ತದೆ.

ಬೇಟೆಗಾರರ ಲೆಕ್ಕದಲ್ಲಿ ಈ ತೊಡಕೇ ಪಾಠ. ಒಂದೇ ಈಡಿರುವವನು ಹತ್ತಿರ ಹೋಗಲು ಕಲಿಯುತ್ತಾನೆ, ಕಾಯಲು ಕಲಿಯುತ್ತಾನೆ, ಅನುಮಾನವಿದ್ದರೆ ಕುದುರೆ ಎಳೆಯದೆ ಹಿಂದಿರುಗಲು ಕಲಿಯುತ್ತಾನೆ. ಕಾಡಿನ ಸದ್ದುಗಳನ್ನು ಬಿಡಿಬಿಡಿಯಾಗಿ ಓದುವ ಕಾರ್ಬೆಟ್‌ನ ಶಕ್ತಿ ಬೆಳೆದದ್ದು ಇಂಥ ಬಡ ಕೋವಿಯ ಜೊತೆಗೆ.

ಎರಡನೆಯ ಕೋವಿ ಇನ್ನೊಂದು ಬಗೆಯದು. ಹತ್ತು ವರ್ಷದ ಆಸುಪಾಸಿನಲ್ಲಿ ಶಾಲೆಯ ಕೆಡೆಟ್ ಪಡೆಯಲ್ಲಿದ್ದ ಅವನಿಗೆ ಸ್ವಯಂಸೇವಕ ದಳದ ಸಾರ್ಜೆಂಟ್ ಮೇಜರ್ ಒಂದು .450 ಮಾರ್ಟಿನಿ ರೈಫಲ್ಲನ್ನು ಎರವಲು ಕೊಟ್ಟ. ಬೇಕಾದಷ್ಟು ತೋಟೆಯನ್ನೂ ಕೊಟ್ಟ. ಷರತ್ತು ಎರಡೇ: ರೈಫಲ್ಲನ್ನು ಚೊಕ್ಕಟವಾಗಿ ಇಟ್ಟುಕೊಳ್ಳಬೇಕು, ಖಾಲಿ ತೋಟೆಗಳನ್ನು ವಾಪಸು ಕೊಡಬೇಕು. ಮಾರ್ಟಿನಿ-ಹೆನ್ರಿ 1871ರಿಂದ ಬ್ರಿಟಿಷ್ ಸೈನ್ಯದ ಅಧಿಕೃತ ರೈಫಲ್. ಕೆಳಗಿನ ಸನ್ನೆಕೋಲನ್ನು ತಗ್ಗಿಸಿದರೆ ಹಿಂಬದಿ ತೆರೆದುಕೊಳ್ಳುತ್ತದೆ, ಅಲ್ಲಿ ಒಂದು ತೋಟೆ ಇಡಬೇಕು. ಸುಮಾರು 31 ಗ್ರಾಂ ತೂಕದ ಸೀಸದ ಗುಂಡು, ಅದರ ಹಿಂದೆ ಕರಿಮದ್ದು. ಅದರ ಒದೆತ ದೊಡ್ಡವರ ಹೆಗಲನ್ನೇ ಕೆಂಪಾಗಿಸುತ್ತಿತ್ತು. ಕಾರ್ಬೆಟ್ ತನ್ನ ಮೊದಲ ಚಿರತೆಯನ್ನು ಹೊಡೆದದ್ದು ಈ ರೈಫಲ್ಲಿನಿಂದ.

ಹುಡುಗನಿಗೆ ಯಾವ ಕೋವಿ ಎಂದು ಇವತ್ತು ಬೇಟೆ ಕಾನೂನುಬದ್ಧವಾಗಿರುವ ದೇಶದ ಬಲ್ಲವರನ್ನು ಕೇಳಿದರೆ ಮಾರ್ಟಿನಿಯನ್ನು ಖಂಡಿತ ಹೇಳಲಾರರು. ತೂಕ ಕಡಿಮೆಯಿರಲಿ, ಹಿಡಿ ತೋಳಿನ ಅಳತೆಗೆ ಹೊಂದಲಿ, ಒದೆತ ಕಡಿಮೆಯಿರಲಿ ಎನ್ನುತ್ತಾರೆ. ಒದೆತಕ್ಕೆ ಹೆದರಿದ ಹುಡುಗ ಈಡಿಗೆ ಮೊದಲೇ ಕಣ್ಣು ಮುಚ್ಚುತ್ತಾನೆ, ಆ ಅಭ್ಯಾಸ ಬೇಗ ಬಿಡುವುದಿಲ್ಲ. ಕಾರ್ಬೆಟ್‌ನ ನಂತರದ ಬದುಕಿನಲ್ಲೂ ಈ ಮಾತಿಗೆ ಪುರಾವೆಯಿದೆ. ಚಂಪಾವತದ ನರಭಕ್ಷಕ ಹುಲಿಯನ್ನು 1907ರಲ್ಲಿ ಕೊಂದದ್ದಕ್ಕೆ ಸಂಯುಕ್ತ ಪ್ರಾಂತ್ಯಗಳ ಲೆಫ್ಟಿನೆಂಟ್ ಗವರ್ನರ್ ಜಾನ್ ಹೆವೆಟ್ ಅವನಿಗೆ .275 ರಿಗ್ಬಿ ರೈಫಲ್ ಉಡುಗೊರೆ ಕೊಟ್ಟ. ಮಾರ್ಟಿನಿಗಿಂತ ಎಷ್ಟೋ ಸಣ್ಣ ಗುಂಡಿನ, ಹಗುರವಾದ ಆ ರೈಫಲ್ ಅವನಿಗೆ ಬಹಳ ಪ್ರಿಯವಾಯಿತು. ಗುಂಡಿನ ಗಾತ್ರಕ್ಕಿಂತ ಅದು ತಾಗುವ ಜಾಗ ಮುಖ್ಯ ಎಂಬುದು ಅವನು ಬಾಲ್ಯದಲ್ಲೇ ಕಲಿತಿದ್ದ ವಿದ್ಯೆ.

ಇಲ್ಲಿಯವರೆಗೆ ಇದು ಕೋವಿಯ ಕಥೆ. ನಾನು ಇತಿಹಾಸದ ವಿದ್ಯಾರ್ಥಿಯಾದ್ದರಿಂದ ವರ್ಷಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುವ ಚಟ ನನಗಿದೆ. ಎಂಟು ವರ್ಷದ ಕಾರ್ಬೆಟ್‌ಗೆ ಕೇಪಿನ ಕೋವಿ ಸಿಕ್ಕದ್ದು ಸುಮಾರು 1883ರಲ್ಲಿ. ಅದಕ್ಕೆ ಐದು ವರ್ಷ ಮೊದಲು, 1878ರಲ್ಲಿ, ವೈಸರಾಯ್ ಲಿಟ್ಟನ್ನನ ಸರ್ಕಾರ ಭಾರತೀಯ ಶಸ್ತ್ರಾಸ್ತ್ರ ಕಾಯ್ದೆಯನ್ನು ತಂದಿತ್ತು. ಭಾರತೀಯನೊಬ್ಬ ಕೋವಿ ಇಟ್ಟುಕೊಳ್ಳಬೇಕಾದರೆ ಪರವಾನಗಿ ಬೇಕು, ಯುರೋಪಿಯನ್ನರಿಗೆ ಬೇಡ. 1887ರ ಮದ್ರಾಸ್ ಅಧಿವೇಶನದಲ್ಲಿ ಕಾಂಗ್ರೆಸ್ಸು ಇದರ ವಿರುದ್ಧ ನಿರ್ಣಯ ಮಾಡಿತು. ಈ ಬಣ್ಣದ ಭೇದ ನಿಯಮಗಳಿಂದ ಹೋಗಲು ಮೊದಲ ಮಹಾಯುದ್ಧ ಮುಗಿಯಬೇಕಾಯಿತು.

ಈಗ ‘ಮೈ ಇಂಡಿಯಾ’ ಪುಸ್ತಕದ ಕುಂವರ್ ಸಿಂಗ್‌ನನ್ನು ನೆನೆಯಬೇಕು. ಅವನು ಠಾಕೂರ, ಊರಿನ ಮುಖ್ಯಸ್ಥ, ಕಾಲಾಢುಂಗಿಯ ಕಾಡನ್ನು ಅಂಗೈಯಂತೆ ಬಲ್ಲವನು. ಪುಟ್ಟ ಕಾರ್ಬೆಟ್‌ನ ಕೈಯಲ್ಲಿ ಕೋವಿ ಕಂಡಾಗ, ಇನ್ನು ನೀನು ಹುಡುಗನಲ್ಲ ಎಂದು ಮೆಚ್ಚಿ, ಮರ ಹತ್ತುವುದನ್ನು ಕಲಿತರೆ ಕಾಡಿನಲ್ಲಿ ಎಲ್ಲಿ ಬೇಕಾದರೂ ಓಡಾಡಬಹುದು ಎಂದು ಹೇಳಿಕೊಟ್ಟವನು. ಕಾರ್ಬೆಟ್ ಅವನನ್ನು ಗುರುವಿನಂತೆ ಪ್ರೀತಿಸುತ್ತಾನೆ. ಆದರೆ ಪುಸ್ತಕದಲ್ಲಿ ಅವನ ಪರಿಚಯ ಆಗುವುದು ಕಳ್ಳಬೇಟೆಗಾರ ಎಂದು. ಒಂದೇ ಕಾಡು, ಒಂದೇ ವಿದ್ಯೆ. ಕಲಿಸಿದವನು ಕಾನೂನಿನ ಕಣ್ಣಿಗೆ ಕಳ್ಳ, ಕಲಿತ ಹುಡುಗ ಮುಂದೆ ಷಿಕಾರಿ ಸಾಹೇಬ. ಕಾರ್ಬೆಟ್‌ನ ಮೇಲಿನ ನನ್ನ ಗೌರವ ಇದರಿಂದ ಕಡಿಮೆಯಾಗಿಲ್ಲ. ಅವನು ಈ ನಿಯಮಗಳನ್ನು ಮಾಡಿದವನಲ್ಲ, ಆ ಜನರ ನಡುವೆಯೇ ಬದುಕಿದವನು. ಆದರೂ ಅವನ ಬಾಲ್ಯದ ಸೊಗಸು ನಿಂತಿರುವ ನೆಲ ಯಾವುದೆಂದು ತಿಳಿದು ಓದುವುದು ಬೇರೆ.

ನಮ್ಮ ನಾಡಿನಲ್ಲೇ ಇದಕ್ಕೊಂದು ಜೋಡಿ ಉದಾಹರಣೆಯಿದೆ. ಕೊಡವರಲ್ಲಿ ಗಂಡುಮಗು ಹುಟ್ಟಿದಾಗ ಹರಳುಗಿಡದ ದಂಟಿನಿಂದ ಪುಟ್ಟ ಬಿಲ್ಲು ಮಾಡಿ ಮಗುವಿನ ಕೈಗೆ ಮುಟ್ಟಿಸಿ, ಅಂಗಳದಲ್ಲಿ ಒಂದು ಈಡು ಹಾರಿಸುವ ಪದ್ಧತಿಯಿತ್ತು. ಕೈಲ್‌ಪೊಳ್ದ್ ಹಬ್ಬದಲ್ಲಿ ಮನೆಯ ಕೋವಿಗಳನ್ನು ತೊಳೆದು, ತೋಕ್‌ಪೂ ಮುಡಿಸಿ ಪೂಜಿಸುತ್ತಾರೆ. ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ ನಡೆಯುತ್ತದೆ. ಅಲ್ಲಿ ಮೊದಲ ಕೋವಿಯನ್ನು ಆರಿಸುವ ಮಾತೇ ಇಲ್ಲ, ಅದು ಮನೆಯಲ್ಲಿ ಮೊದಲೇ ಇರುತ್ತದೆ, ಹುಡುಗ ಅದರ ಎತ್ತರಕ್ಕೆ ಬೆಳೆಯಬೇಕು ಅಷ್ಟೇ.

ಈ ಪದ್ಧತಿ ಉಳಿದುಕೊಂಡದ್ದಕ್ಕೂ ಒಂದು ಸರ್ಕಾರಿ ಕಾಗದ ಕಾರಣ. 1857ರ ನಂತರ ಸರ್ಕಾರ ಜನರ ಆಯುಧಗಳನ್ನು ಕಿತ್ತುಕೊಳ್ಳುತ್ತಿದ್ದಾಗ, ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡಗರ ನಿಷ್ಠೆ ಮತ್ತು ಶೌರ್ಯವನ್ನು ಹೊಗಳಿ ಅವರಿಗೆ ನಿಶ್ಶಸ್ತ್ರೀಕರಣದ ಕಾನೂನಿನಿಂದ ವಿನಾಯಿತಿ ಕೊಟ್ಟ. ಕೊಡವರಿಗೆ ಮತ್ತು ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಆ ವಿನಾಯಿತಿ ಸ್ವಾತಂತ್ರ್ಯದ ನಂತರವೂ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೊಡವರಿಗೆ ಕೋವಿ ದೇವರ ಸಮಾನ, ಅದರಲ್ಲಿ ಸಂಶಯವಿಲ್ಲ. ಆದರೆ ಅದೇ ಕಾಡಿನಲ್ಲಿ ತಲೆಮಾರುಗಳಿಂದ ಬದುಕಿದ, ಜಮ್ಮಾ ಭೂಮಿಯಿಲ್ಲದ ಯರವರ, ಜೇನುಕುರುಬರ ಹುಡುಗ ಆ ವಿನಾಯಿತಿಯ ಹೊರಗೇ ಉಳಿದ. ಹೆಜ್ಜೆ ಗುರುತು ಓದುವುದರಲ್ಲಿ ಅವನು ಯಾರಿಗೂ ಕಡಿಮೆಯಿರಲಿಲ್ಲ.

ಕನ್ನಡದಲ್ಲಿ ಬೇಟೆಯ ಬರಹಗಳಿಗೆ ಓದುಗರು ಬಹಳ. ತೇಜಸ್ವಿಯವರು ಕೆನೆತ್ ಆಂಡರ್ಸನ್ನನ ಅನುಭವಗಳನ್ನು ‘ಕಾಡಿನ ಕಥೆಗಳು’ ಎಂದು ಕನ್ನಡಕ್ಕೆ ತಂದರು, ಕಾರ್ಬೆಟ್‌ನ ರುದ್ರಪ್ರಯಾಗದ ಚಿರತೆಯನ್ನೂ ತಂದರು. ಬೆಂಗಳೂರಿನಲ್ಲಿ ಬದುಕಿದ ಆಂಡರ್ಸನ್ನನ .405 ವಿಂಚೆಸ್ಟರ್ ರೈಫಲ್ಲಿನ ಹೆಸರು ಅನೇಕ ಓದುಗರ ಬಾಯಲ್ಲಿದೆ. ನಾನೂ ಈ ವಿಷಯಕ್ಕೆ ಬಂದದ್ದು ಆ ಪುಸ್ತಕಗಳಿಂದಲೇ. ಅವುಗಳಲ್ಲಿ ಆನೆಕಾಡು, ಮಾಚಾನು, ರಾತ್ರಿಯ ಕಾಯುವಿಕೆ ಎಲ್ಲವೂ ಇವೆ. ಕೋವಿ ಹಿಡಿದವನ ಪಕ್ಕದಲ್ಲೇ ಕೋವಿಯಿಲ್ಲದೆ ನಡೆಯುವ ದಾರಿಕಾರರು ಕೂಡ ಇದ್ದಾರೆ.

ಹುಡುಗನಿಗೆ ಮೊದಲ ಕೋವಿ ಯಾವುದಿರಬೇಕು ಎಂಬುದಕ್ಕೆ ತಜ್ಞರ ಉತ್ತರ ಸುಲಭ: ಹಗುರವಾದದ್ದು, ಒಂದೇ ಈಡಿನದು, ಹಿರಿಯರ ಕಣ್ಣಳತೆಯಲ್ಲಿರುವಂಥದು. ಇತಿಹಾಸ ಕೇಳುವುದು ಅದಕ್ಕೂ ಹಿಂದಿನ ಪ್ರಶ್ನೆಯನ್ನು: ಯಾವ ಹುಡುಗನಿಗೆ? ಮುಂದಿನ ಸಲ ಕಾರ್ಬೆಟ್‌ನನ್ನೋ ಆಂಡರ್ಸನ್ನನನ್ನೋ ಓದುವಾಗ ಕೋವಿಯ ಮೇಲಿನ ಕಣ್ಣನ್ನು ಒಂದು ಗಳಿಗೆ ತೆಗೆದು, ಮುಂದೆ ಹೆಜ್ಜೆ ಹುಡುಕುತ್ತಾ ಬರಿಗೈಯಲ್ಲಿ ನಡೆಯುತ್ತಿರುವವನನ್ನು ನೋಡಿ. ಆ ಕಾಡಿನ ಅರ್ಧ ಕಥೆ ಅವನ ಹತ್ತಿರವಿದೆ.