ಅಡ್ಡಳತೆಯ ಕಾನೂನು, ಎತ್ತರದ ಹೊಳೆ

ಯಾದಗಿರಿ ಜಿಲ್ಲೆಯ ಕೊಂಕಲ್‌ನಲ್ಲಾಗಲಿ, ಶಹಾಪುರ, ಸುರಪುರದ ಊರಂಚಿನಲ್ಲಾಗಲಿ ಒಂದೆರಡು ಎಕರೆ ಹೊಲವನ್ನು ಪ್ಲಾಟ್ ಮಾಡಿ ಮಾರಬೇಕೆಂದರೆ ಮೊದಲು ಬೇಕಾಗುವುದು ಎನ್.ಎ. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 95ನೇ ಕಲಮಿನಡಿ ಜಿಲ್ಲಾಧಿಕಾರಿ ಕೊಡುವ ಭೂಪರಿವರ್ತನೆ ಆದೇಶಕ್ಕೆ ಜನ ಇಟ್ಟ ಹೆಸರದು. ಅದಾದ ಮೇಲೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಲೇಔಟ್ ನಕ್ಷೆಗೆ ಒಪ್ಪಿಗೆ, ಆಮೇಲೆ ಪಂಚಾಯಿತಿಯಲ್ಲಿ ಇ-ಸ್ವತ್ತು, ಕೊನೆಗೆ ಕಟ್ಟಡದ ಪರವಾನಗಿ. ಕಡತ ಸಾಗುವ ದಾರಿಯುದ್ದಕ್ಕೂ ಪಹಣಿ ನೋಡುತ್ತಾರೆ, ಸರ್ವೇ ಮಾಡುತ್ತಾರೆ, ರಸ್ತೆ ಎಷ್ಟು ಅಗಲ, ಕೆರೆ ಎಷ್ಟು ದೂರ ಎಂದು ಕೇಳುತ್ತಾರೆ. ಕೃಷ್ಣೆಯೋ ಭೀಮೆಯೋ ತುಂಬಿ ಬಂದಾಗ ಈ ನೆಲದ ಮೇಲೆ ನೀರು ಎಷ್ಟು ಎತ್ತರ ನಿಲ್ಲುತ್ತದೆ ಎಂದು ಕೇಳಲೇಬೇಕೆಂಬ ಕಟ್ಟಳೆ ಮಾತ್ರ ಇಲ್ಲ. ಎಪ್ಪತ್ತು ವರ್ಷಗಳಲ್ಲಿ ನಮ್ಮ ಜಲಭೂಮಿಯ ನಿಯಮಗಳು ಬೆಳೆದ ಬಗೆಯನ್ನು ಈ ಒಂದು ಕೊರತೆಯ ಮೂಲಕವೇ ನೋಡಬಹುದು ಎನ್ನುವುದು ನನ್ನ ವಾದ. ಅವು ನೀರಿನ ದೂರವನ್ನು ಅಳೆಯುತ್ತ ಬಂದವು. ಹೊಳೆ ಲೆಕ್ಕ ಹಾಕುವುದು ಎತ್ತರವನ್ನು.

ನಿಯಮಗಳ ಬೇರು ಕಂದಾಯದಲ್ಲಿದೆ, ಪರಿಸರದಲ್ಲಲ್ಲ. ಈ ಸೀಮೆ 1948ರವರೆಗೆ ನಿಜಾಮರದು, 1956ರವರೆಗೆ ಹೈದರಾಬಾದ್ ರಾಜ್ಯದ್ದು. ಭೂಮಿಯನ್ನು ಅಳೆದದ್ದು ಯಾವುದರಿಂದ ಎಷ್ಟು ತೀರ್ವೆ ಬರುತ್ತದೆ ಎಂದು ತಿಳಿಯಲು. ತೀರ್ವೆ ಬಾರದ ನೆಲ ಖರಾಬು. ಆ ನೋಟವೇ 1966ರ ಭೂ ಕಂದಾಯ ನಿಯಮಗಳಿಗೂ ಇಳಿದು ಬಂತು. ಸಾಗುವಳಿಗೆ ಬಾರದ ಕಲ್ಲುನೆಲ ‘ಅ’ ಖರಾಬು. ಹಳ್ಳ, ಕೆರೆ, ದಾರಿ, ಸ್ಮಶಾನದಂಥ ಸಾರ್ವಜನಿಕ ನೆಲ ‘ಬ’ ಖರಾಬು. ಹಳ್ಳದ ಪಾತ್ರ ಸರ್ಕಾರದ್ದೆಂದು 67ನೇ ಕಲಮು ಹೇಳುತ್ತದೆ, ಒತ್ತಿದವರನ್ನು ಎಬ್ಬಿಸಲು 104ನೇ ಕಲಮು ಇದೆ. ಲೇಔಟ್ ನಕ್ಷೆಯಲ್ಲಿ ‘ಬ’ ಖರಾಬು ಕಂಡರೆ ಇವತ್ತಿಗೂ ಕಡತ ನಿಲ್ಲುತ್ತದೆ. ಹೀಗಾಗಿ, ಯಾರೂ ಹಾಗೆಂದು ಕರೆಯದಿದ್ದರೂ, ನಮ್ಮ ಮೊದಲ ಜಲಭೂಮಿ ಕಾನೂನು ಖರಾಬಿನ ಈ ಒಂದು ಅಕ್ಷರವೇ. ಆದರೆ ಅದು ಕಾಯುವುದು ಬೇಸಿಗೆಯ ಹಳ್ಳವನ್ನು. ಸರ್ವೇಯವರು ಸರಪಳಿ ಎಳೆದ ದಿನ ಹಳ್ಳ ಎಷ್ಟಿತ್ತೋ ಅಷ್ಟೇ ನಕ್ಷೆಗೆ ಬಂತು. ಶ್ರಾವಣ, ಭಾದ್ರಪದದಲ್ಲಿ ಹೊಳೆ ಏರಿ, ಹಳ್ಳದ ನೀರು ಮುಂದಕ್ಕೆ ಹೋಗಲಾಗದೆ ಹಿಂದಕ್ಕೆ ಒತ್ತಿ ಎರೆಹೊಲಗಳಲ್ಲಿ ಹರಡಿಕೊಳ್ಳುವ ಜಾಗವೆಲ್ಲ ಪಹಣಿಯಲ್ಲಿ ಹೆಸರು, ಹಿಸ್ಸೆ ಇರುವ ಖಾಸಗಿ ಜಮೀನು.

ದೇಶದ ಮಟ್ಟದಲ್ಲಿ ಎತ್ತರದ ಮಾತು ಬಂದದ್ದು 1975ರಲ್ಲಿ. ಅಮೆರಿಕದಲ್ಲಿ ಗಿಲ್ಬರ್ಟ್ ವೈಟ್ ಎಂಬ ಭೂಗೋಳ ವಿದ್ವಾಂಸ 1940ರ ದಶಕದಲ್ಲೇ, ಒಡ್ಡು ಕಟ್ಟುವುದಕ್ಕಿಂತ ನೆರೆಬಯಲಿನಲ್ಲಿ ಮನೆ ಕಟ್ಟುವುದಕ್ಕೆ ಲಗಾಮು ಹಾಕುವುದು ಮುಖ್ಯ ಎಂದು ವಾದಿಸಿದ್ದ. 1968ರಲ್ಲಿ ಅಲ್ಲಿ ನೆರೆ ವಿಮೆಯ ಕಾಯ್ದೆ ಬಂತು. ವಿಮೆ ಬೇಕೆಂದ ಊರು ತನ್ನ ನೆರೆಬಯಲಿನ ಕಟ್ಟಡಗಳನ್ನು ನಿಯಂತ್ರಿಸಲೇಬೇಕಾಯಿತು. ನಮ್ಮ ಕೇಂದ್ರ ಜಲ ಆಯೋಗ 1975ರಲ್ಲಿ ನೆರೆಬಯಲು ವಲಯೀಕರಣದ ಮಾದರಿ ಮಸೂದೆ ಬರೆದು ರಾಜ್ಯಗಳಿಗೆ ಕಳಿಸಿತು. ಅದರ ಜೊತೆ ಬೆಳೆದ ಚಿಂತನೆ ಸರಳ: ಆಸ್ಪತ್ರೆ, ವಿದ್ಯುತ್ ಕೇಂದ್ರ, ಕೈಗಾರಿಕೆಗಳು ನೂರು ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಮಟ್ಟಕ್ಕಿಂತ ಮೇಲಿರಲಿ, ವಾಸದ ಮನೆ, ಸರ್ಕಾರಿ ಕಚೇರಿಗಳು ಇಪ್ಪತ್ತೈದು ವರ್ಷದ ನೆರೆಗಿಂತ ಮೇಲಿರಲಿ, ಆಟದ ಮೈದಾನ, ಉದ್ಯಾನ ಬೇಕಾದರೆ ಕೆಳಗಿರಲಿ. ಮಣಿಪುರ 1978ರಲ್ಲಿ, ರಾಜಸ್ಥಾನ 1990ರಲ್ಲಿ, ಉತ್ತರಾಖಂಡ 2012ರಲ್ಲಿ ಇಂಥ ಕಾಯ್ದೆ ಮಾಡಿಕೊಂಡವು. ಕರ್ನಾಟಕ ಮಾಡಲಿಲ್ಲ. ಕಡಲ ದಂಡೆಗೆ 1991ರಿಂದ ಸಿ.ಆರ್.ಝಡ್. ಎಂಬ ಕರಾವಳಿ ನಿಯಂತ್ರಣ ವಲಯ ಇದೆ, ನದಿ ದಂಡೆಗೂ ಅಂಥದೇ ಒಂದು ವಲಯ ತರುವ ಕೇಂದ್ರದ ಯತ್ನ ಕರಡಿನಲ್ಲೇ ಉಳಿಯಿತು.

ಆಮೇಲಿನ ಕಥೆಯನ್ನು ಬರೆದದ್ದು ಬೆಂಗಳೂರು. ಅಲ್ಲಿಯ ಕೆರೆಗಳು ಬಡಾವಣೆ, ಬಸ್ ನಿಲ್ದಾಣಗಳಾದ ಮೇಲೆ 1980ರ ದಶಕದಲ್ಲಿ ಲಕ್ಷ್ಮಣ ರಾವ್ ಸಮಿತಿ ವರದಿ ಕೊಟ್ಟಿತು. 2007ರ ಮಹಾಯೋಜನೆ ಕೆರೆಯ ಸುತ್ತ 30 ಮೀಟರು, ರಾಜಕಾಲುವೆಗಳಿಗೆ ದರ್ಜೆಗೆ ತಕ್ಕಂತೆ 50, 25, 15 ಮೀಟರು ಬಿಡಬೇಕೆಂದಿತು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ಕೆರೆಗೆ 75, ಕಾಲುವೆಗಳಿಗೆ 50, 35, 25 ಎಂದು ಏರಿಸಿತು. ನ್ಯಾಯಮಂಡಳಿಗೆ ಮಹಾಯೋಜನೆಯನ್ನು ಬದಲಿಸುವ ಅಧಿಕಾರವಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಆ ನಿರ್ದೇಶನವನ್ನು ರದ್ದು ಮಾಡಿತು. ನಡುವೆ 2014ರಲ್ಲಿ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಬಂದಿತ್ತು. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಅದರ ತಿದ್ದುಪಡಿಗೆ ಒಪ್ಪಿತು. ಎಲ್ಲ ಕೆರೆಗೂ ಒಂದೇ 30 ಮೀಟರಿನ ಬದಲು, ಚಿಕ್ಕ ಕೆರೆಗೆ ಕೆಲವೇ ಮೀಟರು, ನೂರು ಎಕರೆ ಮೀರಿದ್ದಕ್ಕೆ ಮಾತ್ರ 30 ಎಂಬ ಶ್ರೇಣಿ ಅದರ ತಿರುಳು. ವಿಧಾನಸೌಧದ ಈ ಚರ್ಚೆಯಲ್ಲಿ ಎಲ್ಲರೂ ಜಗಳಾಡಿದ್ದು ಮೀಟರಿಗಾಗಿ. ಬೆಂಗಳೂರಿಗೆ ಅದು ಸಲ್ಲುತ್ತದೆ. ಅಲ್ಲಿ ಕೃಷ್ಣೆ, ಭೀಮೆಯಂಥ ದೊಡ್ಡ ಹೊಳೆಯಿಲ್ಲ, ಅಲ್ಲಿಯ ಸಂಕಟ ಕೆರೆಯಂಚಿನದು. ನಮ್ಮ ಕಡೆ ಬಯಲು ಹೊಳೆಯಿಂದ ದೂರಕ್ಕೆ ಚಪ್ಪಟೆಯಾಗಿ ಹಬ್ಬಿರುವಲ್ಲಿ 30 ಮೀಟರು ಏನನ್ನೂ ಹೇಳುವುದಿಲ್ಲ, ದಂಡೆ ಕಡಿದಾಗಿ ಎದ್ದಿರುವಲ್ಲಿ ಅಷ್ಟೂ ಬೇಕಿಲ್ಲ.

ಜಲಭೂಮಿ ನಿಯಮಗಳದು ಇನ್ನೊಂದು ವಿಚಿತ್ರ. ಭಾರತ 1982ರಲ್ಲಿ ಜಲಭೂಮಿಗಳ ರಕ್ಷಣೆಯ ರಾಮ್ಸರ್ ಒಪ್ಪಂದ ಸೇರಿತು, 2010ರಲ್ಲಿ ನಿಯಮ ಮಾಡಿತು, 2017ರ ಸೆಪ್ಟೆಂಬರ್‌ನಲ್ಲಿ ಅವನ್ನು ಹೊಸದಾಗಿ ಬರೆದು ಬಹುಪಾಲು ಹೊಣೆಯನ್ನು ರಾಜ್ಯದ ಪ್ರಾಧಿಕಾರಗಳಿಗೆ ಒಪ್ಪಿಸಿತು. ಈ ನಿಯಮದಲ್ಲಿ ಒಂದು ಅಪರೂಪದ ವಾಕ್ಯವಿದೆ: ಕಳೆದ ಹತ್ತು ವರ್ಷಗಳ ಸರಾಸರಿ ಗರಿಷ್ಠ ನೆರೆಮಟ್ಟದಿಂದ 50 ಮೀಟರಿನೊಳಗೆ ಶಾಶ್ವತ ಕಟ್ಟಡ ಕೂಡದು. ನೀರಿನ ಮಟ್ಟವನ್ನು ಆಧಾರವಾಗಿಟ್ಟುಕೊಂಡ ವಿರಳ ಕಟ್ಟಳೆ ಇದು. ಆದರೆ ಅದೇ ನಿಯಮದ ವ್ಯಾಖ್ಯೆ ನದಿಪಾತ್ರವನ್ನೂ, ಗದ್ದೆಯನ್ನೂ, ಕುಡಿಯುವ ನೀರಿಗೋ ನೀರಾವರಿಗೋ ಮನುಷ್ಯರು ಕಟ್ಟಿದ ಕೆರೆಯನ್ನೂ ಹೊರಗಿಟ್ಟುಬಿಟ್ಟಿತು. ದಖ್ಖನಿನಲ್ಲಿ ಕಟ್ಟದ ಕೆರೆ ಎಲ್ಲಿದೆ? ಸುರಪುರದ ಬಳಿಯ ಬೋನಾಳ ಕೆರೆಯನ್ನೇ ನೋಡಿ. ನಾಯಕ ಅರಸರ ಸೀಮೆಯ ಈ ಕೆರೆಯನ್ನು, 1840ರ ದಶಕದಲ್ಲಿ ಸುರಪುರದ ಆಡಳಿತ ನೋಡಿಕೊಳ್ಳಲು ಬಂದ ಫಿಲಿಪ್ ಮೆಡೋಸ್ ಟೇಲರ್ ಬೆಳೆಸಿದ. ಇವತ್ತು ಅದು ಪಕ್ಷಿಧಾಮವೆಂದು ಹೆಸರಾಗಿದೆ, ಚಳಿಗಾಲಕ್ಕೆ ದೂರದ ಹಕ್ಕಿಗಳು ಬಂದಿಳಿಯುತ್ತವೆ. ವ್ಯಾಖ್ಯೆಯ ಅಕ್ಷರ ಹಿಡಿದರೆ ಅದು ಜಲಭೂಮಿಯಲ್ಲ, ನೀರಾವರಿ ಕಾಮಗಾರಿ. 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರದ ಅಂಕಸಮುದ್ರ ಕೂಡ ನೀರಾವರಿಗೆಂದು ಕಟ್ಟಿದವೇ. ಹಕ್ಕಿಗಳು ಪ್ರಸಿದ್ಧಿ ತಂದುಕೊಟ್ಟರೆ ಕೆರೆ ನಿಯಮದ ಬಾಗಿಲೊಳಗೆ ಬರುತ್ತದೆ, ಇಲ್ಲವಾದರೆ ಹೊರಗೆ.

ಎತ್ತರವನ್ನು ಅಳೆಯಲು ಸರ್ಕಾರಕ್ಕೆ ಬರುವುದಿಲ್ಲ ಎಂದಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಗೆ ಭೂಮಿ ತೆಗೆದುಕೊಂಡದ್ದೇ ಎತ್ತರದ ಗೆರೆ ಎಳೆದು. ನಾರಾಯಣಪುರದ ಬಸವಸಾಗರದ ಪೂರ್ಣ ಮಟ್ಟ 492.25 ಮೀಟರು. ಆಲಮಟ್ಟಿಯ ಮಟ್ಟವನ್ನು 519.60ರಿಂದ 524.256 ಮೀಟರಿಗೆ ಏರಿಸಲು ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿದಾಗ, ಆ ಎತ್ತರದ ಗೆರೆಯ ಕೆಳಗೆ ಬಂದ ಹೊಲ, ಊರುಗಳಿಗೆಲ್ಲ ಮುಳುಗಡೆ ಎಂಬ ಹೆಸರು ಬಿತ್ತು. ಅಲ್ಲಿ ಸೆಂಟಿಮೀಟರಿಗೂ ಬೆಲೆಯಿದೆ. ಸರ್ಕಾರ ನೆಲವನ್ನು ತೆಗೆದುಕೊಳ್ಳುವಾಗ ಎತ್ತರ ನೋಡುತ್ತದೆ, ಅಣೆಕಟ್ಟಿನ ಕೆಳಗೆ ಮನೆ ಕಟ್ಟಲು ಒಪ್ಪಿಗೆ ಕೊಡುವಾಗ ದೂರವನ್ನಷ್ಟೇ ನೋಡುತ್ತದೆ.

ಕೆಳಗಿನವರ ಪಾಡು ಬೇರೆ. 2009ರ ಅಕ್ಟೋಬರ್ ನೆರೆ ಬಂದಾಗ ಯಾದಗಿರಿ ಇನ್ನೂ ಗುಲಬರ್ಗಾ ಜಿಲ್ಲೆಯ ಭಾಗ. ಉತ್ತರ ಕರ್ನಾಟಕದ ಹಳ್ಳಿಗಳನ್ನು ಎತ್ತರದ ಜಾಗಕ್ಕೆ ಒಯ್ಯುವ ‘ಆಸರೆ’ ಯೋಜನೆ ಆಗ ಬಂತು. ಹೊಸ ಮನೆಗಳಿಗೆ ಹೋದವರೂ ಇದ್ದಾರೆ. ಹೊಲ, ದನ ಹಳೆಯ ಊರಲ್ಲೇ ಉಳಿದದ್ದರಿಂದ ಹೊಸ ಮನೆಗೆ ಬೀಗ ಹಾಕಿ ಹೊಳೆದಂಡೆಗೆ ಮರಳಿದವರೂ ಇದ್ದಾರೆ. ಅವರನ್ನು ದೂರುವುದು ಸುಲಭ. ಆದರೆ ಖಾಲಿಯಾದ ಹಳೆಯ ಗಾಂವಠಾಣದಲ್ಲಿ ಇನ್ನು ಮನೆ ಏಳಕೂಡದೆಂಬ ನಿಯಮವನ್ನು ‘ಆಸರೆ’ಯ ಜೊತೆಗೇ ತಂದಿದ್ದರೆ ಹಣವಾದರೂ ಉಳಿಯುತ್ತಿತ್ತು. 2019ರ ಆಗಸ್ಟ್‌ನಲ್ಲಿ ನಾರಾಯಣಪುರದಿಂದ 5 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಬಿಟ್ಟಾಗ ಶಹಾಪುರ ತಾಲೂಕಿನ ಕೊಳ್ಳೂರು ಸೇತುವೆ ಮುಳುಗಿತು, ಸುರಪುರ ಸೀಮೆಯ ನೀಲಕಂಠರಾಯನ ಗಡ್ಡಿ ಸುತ್ತಲ ನೀರಿಗೆ ಸಿಕ್ಕಿತು. 2020ರ ಅಕ್ಟೋಬರ್‌ನಲ್ಲಿ ಸರದಿ ಭೀಮೆಯದು, 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಭೀಮೆಯದೇ. ಯಾದಗಿರಿ–ರಾಯಚೂರು ಗಡಿಯಲ್ಲಿ ಎರಡೂ ಹೊಳೆ ಕೂಡುತ್ತವೆ; ಒಂದು ತುಂಬಿದ್ದರೆ ಇನ್ನೊಂದರ ನೀರು ಸಲೀಸಾಗಿ ಇಳಿಯುವುದಿಲ್ಲ.

ಪ್ರತಿ ನೆರೆಯ ಮರುದಿನ ಗ್ರಾಮ ಆಡಳಿತ ಅಧಿಕಾರಿ ಮನೆಮನೆಗೆ ಹೋಗಿ ಪಂಚನಾಮೆ ಬರೆಯುತ್ತಾರೆ. ಯಾವ ಮನೆಗೆ ನೀರು ನುಗ್ಗಿತು, ಯಾವ ಗೋಡೆ ಬಿತ್ತು ಎಂಬುದರ ಮೇಲೆ ಪರಿಹಾರ ನಿಲ್ಲುತ್ತದೆ. 2019ರಲ್ಲಿ ನೀರು ನುಗ್ಗಿದ ಮನೆಗೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಣೆಯಾದದ್ದರಿಂದ ಆ ಪಟ್ಟಿಯನ್ನು ಬಹಳ ಜನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಊರಿನ ನೆರೆನಕ್ಷೆ ಎಂದರೆ ಇದೇ, ಮನೆ ಯಜಮಾನರ ಹೆಸರಿನ ಸಮೇತ. ಎನ್.ಎ. ಅರ್ಜಿಯ ಮೇಲೆ ತಹಶೀಲ್ದಾರರ ಕಚೇರಿ ಅಭಿಪ್ರಾಯ ಬರೆಯುವಾಗ, ಅದೇ ಕಚೇರಿಯಲ್ಲಿರುವ ಈ ಪಟ್ಟಿಯನ್ನು ತೆರೆದು ನೋಡಬೇಕೆಂಬ ರೂಢಿ ಬೆಳೆಯಲಿಲ್ಲ.

ಹೊಸ ಕಾಯ್ದೆಗೇ ಕಾಯಬೇಕಾಗಿಲ್ಲ. ಪರಿವರ್ತನೆಗೆ ಷರತ್ತು ಹಾಕುವ ಅಧಿಕಾರ 95ನೇ ಕಲಮಿನಲ್ಲೇ ಇದೆ. ಸಾರ್ವಜನಿಕರ ಹಿತಕ್ಕೆ ವಿರುದ್ಧವೆನಿಸಿದರೆ ನಿರಾಕರಿಸುವ ಅಧಿಕಾರವೂ ಇದೆ. ಕಳೆದ ಮೂರು ನೆರೆಗಳ ನೀರಿನ ಗುರುತಿಗಿಂತ ಮನೆಯ ಪಾಯ ಇಷ್ಟು ಮೇಲಿರಬೇಕೆಂದು ಜಿಲ್ಲಾಧಿಕಾರಿ ಆದೇಶದಲ್ಲೇ ಬರೆಯಬಹುದು. ಅಂಥ ಷರತ್ತು ಎನ್.ಎ. ಮಾಡಿಸುವವರನ್ನು ಮಾತ್ರ ಕಟ್ಟಿಹಾಕುತ್ತದೆ ಎನ್ನುವುದು ನಿಜವಾದ ತೊಡಕು. ಹೊಲವನ್ನು ಹೊಲವಾಗಿಯೇ ತುಂಡು ಮಾಡಿ ಮಾರುವ ರೆವಿನ್ಯೂ ಪ್ಲಾಟುಗಳಿಗೆ ಜಿಲ್ಲಾಧಿಕಾರಿಯ ಸಹಿಯೇ ಬೇಕಿಲ್ಲ. ಅವುಗಳ ಮೇಲೆದ್ದ ಮನೆ ಅನಧಿಕೃತ ಆಸ್ತಿಗಳಿಗೆಂದೇ ಇರುವ ಪಂಚಾಯಿತಿಯ ನಮೂನೆ 11-ಬಿ ಸೇರುತ್ತದೆ, ಮುಂದೊಂದು ದಿನ ಸಕ್ರಮವಾಗುವ ಆಸೆಯಲ್ಲಿ ಇರುತ್ತದೆ. ಅಗ್ಗದ ಪ್ಲಾಟುಗಳು ಸಿಗುವುದು ತಗ್ಗಿನಲ್ಲೇ. ಸಕ್ರಮದ ಅರ್ಜಿ ಬಂದಾಗಲಾದರೂ ನೀರು ಎಲ್ಲಿವರೆಗೆ ಬಂದಿತ್ತು ಎಂದು ಪಂಚಾಯಿತಿ ಕೇಳಬೇಕು, ಉತ್ತರವನ್ನು ಅದೇ ನಮೂನೆಯಲ್ಲಿ ಬರೆಯಬೇಕು. ಕೊಳ್ಳುವವರು ಸಾಮಾನ್ಯವಾಗಿ ಓದುವ ಕಾಗದ ಅದೊಂದೇ.