ಅಬ್ಸಾರ್ಪ್ಷನ್ ಚೆಸ್

ಲ್ಯಾಟಿನ್ನಿನ ‘ಅಬ್ಸೋರ್ಬೆರೆ’ ಎಂದರೆ ನುಂಗು, ಹೀರಿಕೊಳ್ಳು. ಇಂಗ್ಲಿಷಿನ ‘ಅಬ್ಸಾರ್ಪ್ಷನ್’ ಬಂದದ್ದು ಅದರಿಂದಲೇ. ಚೆಸ್‌ನ ಒಂದು ಪ್ರಭೇದಕ್ಕೆ ಈ ಹೆಸರು ಚೆನ್ನಾಗಿ ಒಪ್ಪಿದೆ. ಇಲ್ಲಿ ಎದುರಾಳಿಯ ಕಾಯಿಯನ್ನು ಹೊಡೆದ ಕಾಯಿ, ಅದರ ನಡೆಯನ್ನೂ ತನ್ನದಾಗಿಸಿಕೊಳ್ಳುತ್ತದೆ. ಕುದುರೆಯನ್ನು ಹೊಡೆದ ಆನೆ ಆಮೇಲೆ ನೇರವಾಗಿಯೂ ಓಡಬಹುದು, ಕುದುರೆಯಂತೆ ನೆಗೆಯಲೂಬಹುದು. ರಾಣಿ ಆನೆಯನ್ನು ಹೊಡೆದರೆ ಮಾತ್ರ ಹೊಸದೇನೂ ದಕ್ಕದು. ಆ ನಡೆ ಅವಳಿಗೆ ಮೊದಲೇ ಇದೆ. ಅದೇ ಒಬ್ಬ ಕಾಲಾಳು ರಾಣಿಯನ್ನು ಹೊಡೆದನೋ, ಇಡೀ ಮಣೆಯೇ ಅವನಿಗೆ ತೆರೆದುಕೊಳ್ಳುತ್ತದೆ! ಹಾಗಾಗಿ ಕಾಯಿಗೆ ಕಾಯಿ ಕೊಡುವ ಹಳೆಯ ಲೆಕ್ಕ ಇಲ್ಲಿ ನಡೆಯದು. ಸಮಸಮವೆಂದು ಕಂಡ ವಿನಿಮಯದಲ್ಲೂ ಕೊನೆಯಲ್ಲಿ ಹೊಡೆದವನ ಕಾಯಿ ಬಲಿತು ಉಳಿಯಬಹುದು. ಆಟದ ಸೊಗಸೆಲ್ಲ ಇದರಲ್ಲೇ ಇದೆ ಎಂದು ನನಗನಿಸುತ್ತದೆ.

ಬೆರಕೆ ನಡೆಯ ಕಾಯಿಗಳು ಇಂದಿನವಲ್ಲ. ಸಿಸಿಲಿಯ ಪಾದ್ರಿ ಪಿಯೆತ್ರೊ ಕರೆರಾ 1617ರ ತನ್ನ ಪುಸ್ತಕದಲ್ಲೇ ಆನೆ-ಕುದುರೆ ಕೂಡಿದ ‘ಚಾಂಪಿಯನ್’, ಒಂಟೆ-ಕುದುರೆ ಕೂಡಿದ ‘ಸೆಂಟಾರ್’ ಕಾಯಿಗಳನ್ನು ಸೂಚಿಸಿದ್ದ. ಕ್ಯೂಬಾದ ಚೆಸ್ ಆಟಗಾರ ಕಾಪಾಬ್ಲಾಂಕಾ 1920ರ ದಶಕದಲ್ಲಿ ಇವೇ ಜೋಡಿಗಳನ್ನು ಬೇರೆ ಹೆಸರಿಟ್ಟು ಮಣೆಗೆ ತಂದರು. ರಾಣಿ-ಕುದುರೆ ಕೂಡಿದರೆ ಅದು ‘ಅಮೆಜಾನ್’. ಕರೆರಾ, ಕಾಪಾಬ್ಲಾಂಕಾರ ಆಟಗಳಲ್ಲಿ ಇಂಥ ಕಾಯಿಗಳು ಮೊದಲೇ ಮಣೆಯ ಮೇಲೆ ನಿಂತಿರುತ್ತವೆ. ಅಬ್ಸಾರ್ಪ್ಷನ್‌ನಲ್ಲಿ ಪ್ರತಿಯೊಂದೂ ಹೊಡೆತದಿಂದಲೇ ಹುಟ್ಟಬೇಕು.